ಮುಗಿಯದ ಆಟದ ಪಿಚರ್ ಲಾಂಬರ್ಟ್

ಲಾಂಬರ್ಟ್ ಫಿಶರ್‌ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಒಂದು ಮಧ್ಯಾಹ್ನ. ಆ ಮಧ್ಯಾಹ್ನದ ಬಗ್ಗೆ ಅವನೆದುರು ಯಾರೂ ಬಾಯಿ ಬಿಡುವಂತಿರಲಿಲ್ಲ.

ಅಮೆರಿಕದ ಡಕೋಟಾದ ಬಯಲಿನಲ್ಲಿ, ಗಾಳಿಗೆ ಅಡ್ಡ ನಿಲ್ಲಲು ಒಂದು ಚರ್ಚು ಮತ್ತು ಒಂದು ಧಾನ್ಯದ ಗೋದಾಮು ಬಿಟ್ಟರೆ ಬೇರೇನೂ ಇಲ್ಲದ ಟಾರ್ವಿಲ್ ನಮ್ಮೂರು. ಲಾಂಬರ್ಟ್ ವಾರವಿಡೀ ರೈತರ ಬಾವಿಯ ಪಂಪು ರಿಪೇರಿ ಮಾಡುತ್ತಿದ್ದ. ಭಾನುವಾರ ಚರ್ಚಿನಿಂದ ನೇರ ಮೈದಾನಕ್ಕೆ ಹೋಗಿ ಊರ ಬೇಸ್‌ಬಾಲ್ ತಂಡಕ್ಕೆ ಚೆಂಡು ಎಸೆಯುತ್ತಿದ್ದ. ದೊಡ್ಡ ಪಿಚರ್ ಏನಲ್ಲ. ಅವನ ಚೆಂಡಿಗೆ ಪೆಟ್ಟು ತಿಂದು ತಿಂದು ಅಭ್ಯಾಸವಾಗಿಹೋಗಿತ್ತು. ಬೇಲಿಯಾಚೆಯ ಹೊಲದವನಂತೂ, ಕೊಯ್ಲಿನಲ್ಲಿ ತನಗೆ ಜೋಳಕ್ಕಿಂತ ಲಾಂಬರ್ಟನ ಚೆಂಡುಗಳೇ ಹೆಚ್ಚು ಸಿಗುತ್ತವೆ ಎಂದು ಗೊಣಗುತ್ತಿದ್ದ.

ಅವನ ಚೆಂಡು ಹಿಡಿಯುತ್ತಿದ್ದವನು ಗೋದಾಮಿನ ಗಸ್ ವೈಗಲ್. ಕ್ಯಾಚರ್ ಆದವನು ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ಮರೆಯಲ್ಲಿ ಬೆರಳು ತೋರಿಸುತ್ತಾನೆ. ಒಂದು ಬೆರಳೆಂದರೆ ನೇರ ಚೆಂಡು, ಎರಡೆಂದರೆ ತಿರುಗುವ ಚೆಂಡು. ಗಸ್‌ನ ಬೆರಳಿಗಿಂತ ಬಾಯಿಯೇ ಹೆಸರುವಾಸಿ. ಬ್ಯಾಟು ಹಿಡಿದು ಬಂದವನ ಮೀಸೆ, ಮದುವೆ, ಮನೆಯ ಹಂದಿ ಯಾವುದನ್ನೂ ಬಿಡದೆ ಆಡಿಕೊಂಡು, ಅವನು ಸಿಟ್ಟಿನಲ್ಲಿ ಗಾಳಿಗೆ ಬ್ಯಾಟು ಬೀಸುವಂತೆ ಮಾಡುತ್ತಿದ್ದ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬಿಯರು ಕುಡಿಯುತ್ತಿದ್ದರು. ಮಾತೆಲ್ಲ ಗಸ್‌ನದು, ನಗುವೆಲ್ಲ ಲಾಂಬರ್ಟನದು.

ಪಕ್ಕದ ಮೇಸನ್ ಕ್ರಾಸಿಂಗ್ ತಂಡದ ಮೇಲೆ ಆಡಿದ ಆ ಭಾನುವಾರ ಲಾಂಬರ್ಟನ ತೋಳಿಗೆ ಏನು ಹಿಡಿದಿತ್ತೋ, ಒಬ್ಬನಿಗೂ ಒಂದು ಹೊಡೆತ ಸಿಗಲಿಲ್ಲ. ಒಬ್ಬರಾದ ಮೇಲೊಬ್ಬರು ಬಂದರು, ಬೀಸಿದರು, ಹೋದರು. ಕೊನೆಯವರೆಗೂ ಒಂದೂ ಹೊಡೆತ ಕೊಡದೆ ಆಟ ಮುಗಿಸುವುದು ಪಿಚರ್‌ಗೆ ಜನ್ಮಕ್ಕೊಮ್ಮೆ ಸಿಗುವ ಭಾಗ್ಯ. ಹಾಗೆ ನಡೆಯುವಾಗ ಪಿಚರ್ ಜೊತೆ ಅವನ ಕಡೆಯವರು ಮಾತಾಡಬಾರದು. ಆಡಿದರೆ ಕೆಟ್ಟಿತು, ಮುಂದಿನ ಚೆಂಡಿಗೇ ಹೊಡೆತ ಬೀಳುತ್ತದೆ. ಅಪ್ಪಂದಿರ ಕಾಲದಿಂದ ನಮ್ಮಲ್ಲಿ ಇದನ್ನು ಚರ್ಚಿನ ಉಪವಾಸಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದಾರೆ. ಗಸ್ ಕೂಡ ಬಾಯಿ ಹೊಲಿದುಕೊಂಡ. ಬೆಂಚಿನಲ್ಲಿ ಲಾಂಬರ್ಟನ ಪಕ್ಕ ಯಾರೂ ಕೂರಲಿಲ್ಲ.

ಇನ್ನು ನಾಲ್ಕೇ ಮಂದಿ ಔಟ್ ಆಗಬೇಕು ಎನ್ನುವಾಗ ಆಲಿಕಲ್ಲು ಸುರಿಯಿತು. ಅವರ ಕಡೆಯ ಡೆಲ್ಬರ್ಟ್ ಓರ್ನ್ ಎಂಬ ಕ್ಷೌರಿಕ ಬ್ಯಾಟು ಹಿಡಿದು ಆಗಷ್ಟೇ ನಿಂತಿದ್ದ. ಆಟಗಾರರು ಗಾಡಿಗಳ ಕೆಳಗೆ ತೂರಿಕೊಂಡರು. ಉಳಿದದ್ದನ್ನು ಮುಂದಿನ ಭಾನುವಾರ ಆಡಿ ಮುಗಿಸೋಣ ಎಂದು ಎರಡೂ ಕಡೆಯವರು ಕೈಕುಲುಕಿ ಒಪ್ಪಿಕೊಂಡರು.

ಆ ಭಾನುವಾರ ಬರಲೇ ಇಲ್ಲ. ಆ ವಾರವೇ ಮೇಸನ್ ಕ್ರಾಸಿಂಗ್‌ಗೆ ರೈಲು ಬರುವುದೇ ನಿಂತುಹೋಯಿತು. ಕೆಲಸ ಹುಡುಕಿಕೊಂಡು ತಂಡ ದಿಕ್ಕಿಗೊಬ್ಬರಂತೆ ಚದುರಿತು. ಸೋತೆವೆಂದು ಹೇಳುವುದಕ್ಕೂ ತಂಡವೆಂಬುದು ಉಳಿಯಲಿಲ್ಲ. ಹಾಗಾಗಿ ಆಟ ಮುಗಿಯಲಿಲ್ಲ. ಆಟ ಮುಗಿಯದ ಮೇಲೆ ಮೌನವೂ ಮುಗಿಯುವಂತಿಲ್ಲವಲ್ಲ! ಮೈದಾನದ ಲೆಕ್ಕದ ಹಲಗೆಯ ಮೇಲೆ ಅವರ ಹೊಡೆತಗಳ ಎಣಿಕೆಗೆ ನೇತುಹಾಕಿದ್ದ ತಗಡಿನ ಸೊನ್ನೆಗಳನ್ನು ಯಾರೂ ಮುಟ್ಟಲಿಲ್ಲ. ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಹೊಸ ಹಲಗೆ ನೆಟ್ಟರು. ಬರಬರುತ್ತಾ ಊರವರು ಲಾಂಬರ್ಟನ ಜೊತೆ ಮಳೆ, ಗೋಧಿ, ಪಂಪು ಎಂದು ಮಾತಿಗೆ ಇಳಿದರು. ಆಟದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಗಸ್ ಅಷ್ಟಕ್ಕೂ ಒಪ್ಪಲಿಲ್ಲ. ಅವನು ಕ್ಯಾಚರ್. ಕೊನೆಯವನು ಔಟ್ ಆಗುವವರೆಗೆ ಪಿಚರ್‌ಗೆ ಒಂದಕ್ಷರ ಆಡಬಾರದು ಎಂದರೆ ಆಡಬಾರದು, ಅಷ್ಟೆ.

ಅಂದಿನಿಂದ ಅವರ ಸ್ನೇಹ ಬೆರಳಿನಲ್ಲಿ ನಡೆಯಿತು. ಒಂದು ಬೆರಳು ಹೌದು, ಎರಡು ಬೆರಳು ಇಲ್ಲ. ಲಾಂಬರ್ಟ್ ಏನಾದರೂ ಕೇಳಿದರೆ ಗಸ್ ಬೆರಳೆತ್ತುತ್ತಿದ್ದ. ಬೆರಳಿಗೆ ನಿಲುಕದ್ದನ್ನು ಅವನ ಹೆಂಡತಿ ರೋಸೀನಾ ಹೇಳುತ್ತಿದ್ದಳು. ಕೂತ ಬೆಂಚು ಅದೇ, ಬಿಯರೂ ಅದೇ. ಗೋದಾಮಿನ ಮೇಲಿನಿಂದ ಗಸ್ ಬೇರೆಯವರನ್ನು ರೇಗಿಸುವ ದನಿ ಕೇಳಿದಾಗ ಲಾಂಬರ್ಟ್ ಪಂಪಿನ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದ. ಇಬ್ಬರ ತಲೆಯೂ ಹೀಗೇ ನೆರೆಯಿತು.

ಲಾಂಬರ್ಟನ ಹೆಂಡತಿ ಟಿಲ್ಲಿ ತೀರಿಕೊಂಡಳು. ಸಮಾಧಿಯ ಹತ್ತಿರ ಊರವರೆಲ್ಲ ಅವನ ಕೈ ಹಿಡಿದು ಎರಡು ಮಾತಾಡಿದರು. ಗಸ್ ಬಂದು ಎದುರು ನಿಂತ. ಹ್ಯಾಟು ತೆಗೆದ, ಕೈ ಹಿಸುಕಿದ, ಹಾಗೇ ಹೋಗಿಬಿಟ್ಟ. ಲಾಂಬರ್ಟ್ ಅವನ ಬೆನ್ನನ್ನೇ ದುರುಗುಟ್ಟಿ ನೋಡಿದ. ಇವತ್ತೂ ಇಲ್ಲವೇ, ಈ ಮನುಷ್ಯನಿಗೆ ಹೆಣಕ್ಕಿಂತ ಆಟ ದೊಡ್ಡದೇ? ಅವನು ಬೆಂಚಿನ ಕಡೆ ಹೋಗುವುದನ್ನೇ ಬಿಟ್ಟ.

ಎರಡು ಚಳಿಗಾಲ ಕಳೆದ ಮೇಲೆ ರೋಸೀನಾ ಬಿಸಿ ಸೂಪಿನ ಪಾತ್ರೆ ಹಿಡಿದು ಅವನ ಮನೆಗೆ ಬಂದಳು.

“ಸೋಮವಾರ ಅವರ ಗಂಟಲು ಕುಯ್ತಾರೆ ಲಾಂಬರ್ಟ್. ಒಳಗೆ ಗಂಟು ಬೆಳೆದಿದೆಯಂತೆ. ಧ್ವನಿಪೆಟ್ಟಿಗೇನೇ ತೆಗೆದುಬಿಡ್ತಾರಂತೆ. ಆಮೇಲೆ ಮಾತಿಲ್ಲ.”

“ನನಗೆ ಮುಂಚೇನೂ ಇರಲಿಲ್ಲ ಬಿಡು,” ಅಂದ ಲಾಂಬರ್ಟ್. ಅಂದ ಮೇಲೆ ನಾಚಿಕೆಯಾಯಿತು.

ರೋಸೀನಾ ಪಾತ್ರೆಯನ್ನು ಕುಕ್ಕಿಟ್ಟಳು. “ಟಿಲ್ಲಿನ ಮಣ್ಣು ಮಾಡಿದ ದಿನ ಮನೆಗೆ ಬಂದು ಹೆಂಗಸರ ಥರ ಅತ್ತರು, ಗೊತ್ತಾ ನಿಂಗೆ? ‘ಬಾಯಿ ಬಿಟ್ಟಿದ್ರೆ ಅವನ ಆಟ ಹೋಗ್ತಿತ್ತು ಕಣೇ. ಹೆಂಡ್ತಿ ಹೋದ್ಲು. ಅದೂ ಹೋದ್ರೆ ಅವನಿಗೆ ಉಳಿಯೋದೇನು?’ ಅಂದ್ರು.”

ಲಾಂಬರ್ಟ್ ಸೂಪನ್ನು ನೋಡುತ್ತಾ ಕೂತ. ಅವಳು ಹೇಳಿದ್ದು ಸುಳ್ಳಲ್ಲ. ಅವನ ಕೈಗೆ ಸಿಕ್ಕಿ ಕೆಡದೆ ಉಳಿದದ್ದು ಆ ಮಧ್ಯಾಹ್ನ ಒಂದೇ. ಅದನ್ನು ಪೂರ್ತಿ ಮಾಡಬೇಕೆಂದರೆ ಇನ್ನೂ ನಾಲ್ವರನ್ನು ಔಟ್ ಮಾಡಬೇಕು, ಆ ತಂಡದಲ್ಲಿ ಕಣ್ಣಿಗೆ ಬೀಳುವಷ್ಟು ಹತ್ತಿರ ಉಳಿದವನು ಡೆಲ್ಬರ್ಟ್ ಒಬ್ಬನೇ. ಕೆಡಿಸಿ ಗಸ್‌ನ ಬಾಯಿ ಬಿಡಿಸುವುದಕ್ಕಾದರೆ ಒಬ್ಬನೇ ಸಾಕು.

ಮರುದಿನ ಬೆಳಿಗ್ಗೆಯೇ ಅವನು ಡೆಲ್ಬರ್ಟನ ಕ್ಷೌರದಂಗಡಿಯಲ್ಲಿದ್ದ.

“ನಿನ್ನ ಸರದಿ ಬಾಕಿ ಇದೆ,” ಅಂದ.

ಡೆಲ್ಬರ್ಟ್ ದಪ್ಪ ಕನ್ನಡಕದೊಳಗಿಂದ ಅವನನ್ನು ಮೇಲಿಂದ ಕೆಳಗೆ ಅಳೆದ. “ಆಲಿಕಲ್ಲು ನಿಂತಿತಾ?”

“ನಿಂತಿತು. ಭಾನುವಾರ ಬಾ. ಹೊಡಿಬೇಕು ನೀನು.”

“ಬೇಕೂಂತ ನಿಧಾನ ಎಸೆಯೋದಾದ್ರೆ ಬರಲ್ಲಪ್ಪ. ನನಗೂ ಮಾನ ಇದೆ.”

“ಈ ತೋಳಿಗೆ ನಿಧಾನ ಬಿಟ್ರೆ ಬೇರೇನೂ ಬರಲ್ಲ ಮಾರಾಯ.”

ಭಾನುವಾರ ಊರಿಗೆ ಊರೇ ನೆರೆದಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಗಸ್ ಕ್ಯಾಚರ್ ತೊಡುವ ಹಳೆಯ ತಂತಿಯ ಮುಖವಾಡ ಹಾಕಿ, ರೋಸೀನಾಳ ಭುಜ ಹಿಡಿದು ಕಷ್ಟಪಟ್ಟು ಕುಕ್ಕರಿಸಿದ. ಇವರು ಆಟ ಪೂರ್ತಿ ಮಾಡಲು ಹೊರಟಿದ್ದಾರೆಂದೇ ಅವನು ತಿಳಿದಂತಿತ್ತು. ಒಂದು ಬೆರಳು ತೋರಿಸಿದ. ಲಾಂಬರ್ಟ್ ನೇರ ಎಸೆದ. ಡೆಲ್ಬರ್ಟ್ ಭರ್ಜರಿಯಾಗಿ ಬೀಸಿದ. ಚೆಂಡು ಹೋದ ಮೇಲೆ ಬ್ಯಾಟು ಬಂತು.

ಎರಡನೆಯದನ್ನು ಲಾಂಬರ್ಟ್ ಇನ್ನೂ ಮೆಲ್ಲಗೆ, ಕೈಗೆ ಕೊಟ್ಟಂತೆ ಎಸೆದ. ಡೆಲ್ಬರ್ಟ್ ಅದಕ್ಕೂ ತಪ್ಪಿದ. ಲಾಂಬರ್ಟ್ ಲೆಕ್ಕ ಹಾಕಿದ. ಇನ್ನೊಂದು ತಪ್ಪಿದರೆ ಇವನು ಔಟ್. ಆಮೇಲೆ ಬ್ಯಾಟು ಹಿಡಿಯುವವರೇ ಇಲ್ಲ. ಆಟ ಹಾಗೇ ನಿಲ್ಲುತ್ತದೆ, ನಾಳೆ ಗಸ್‌ನ ಗಂಟಲು ಹೋಗುತ್ತದೆ.

ಗಸ್ ಎರಡು ಬೆರಳು ತೋರಿಸಿದ. ತಿರುಗುವ ಚೆಂಡು. ಅದು ಬಿದ್ದರೆ ಡೆಲ್ಬರ್ಟ್ ಮುಗಿದಂತೆ.

ಲಾಂಬರ್ಟ್ ತಲೆಯಾಡಿಸಿ ಬೇಡವೆಂದ. ಗಸ್ ಮತ್ತೆ ಎರಡು ಬೆರಳನ್ನು ಗಟ್ಟಿಯಾಗಿ ತೋರಿಸಿದ. ಲಾಂಬರ್ಟ್ ಹಲಗೆಯ ಮೇಲಿನ ತುಕ್ಕು ಹಿಡಿದ ಸೊನ್ನೆಗಳನ್ನು ಒಮ್ಮೆ ನೋಡಿಕೊಂಡ. ಡೆಲ್ಬರ್ಟನ ಬ್ಯಾಟು ಸುಮ್ಮನೆ ಹಿಡಿದರೂ ತಾಗುವಲ್ಲಿಗೆ ಗುರಿಯಿಟ್ಟು ನೇರ ಎಸೆದ.

ಟಕ್ ಎಂದಿತು. ಚೆಂಡು ಲಾಂಬರ್ಟನ ತಲೆಯ ಮೇಲೆ ಹಾರಿ ಹುಲ್ಲಿಗೆ ಬಿತ್ತು. ಅದನ್ನು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಡೆಲ್ಬರ್ಟ್ ಓಡುವುದನ್ನೂ ಮರೆತು ತನ್ನ ಬ್ಯಾಟನ್ನೇ ನೋಡುತ್ತಾ ನಿಂತ. “ಓಡಯ್ಯಾ!” ಎಂದು ಜನ ಕೂಗಿದ ಮೇಲೆ ಕುಂಟುತ್ತಾ ಓಡಿದ.

ಗಸ್ ಮುಖವಾಡ ಕಿತ್ತೆಸೆದು, ಮೊಣಕಾಲು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಲಾಂಬರ್ಟನ ಹತ್ತಿರ ಬಂದ.

“ಎರಡು ಬೆರಳು ತೋರಿಸಿದ್ನಲ್ಲೋ ಕತ್ತೆ,” ಅಂದ. ದನಿ ಗರಗಸದಂತೆ ಕೊರೆಯುತ್ತಿತ್ತು. “ಕಣ್ಣು ಹೋಗಿದ್ಯಾ ನಿಂಗೆ?”

ಲಾಂಬರ್ಟನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಗಸ್ ಅವನ ತೋಳು ಹಿಡಿದುಕೊಂಡ. “ಟಿಲ್ಲಿ ತುಂಬ ಒಳ್ಳೆಯವಳು ಕಣೋ. ಅವತ್ತೇ ಹೇಳಬೇಕಿತ್ತು.”

ಇಬ್ಬರೂ ಬೆಂಚಿಗೆ ಹೋಗಿ ಕೂತರು. ಗಸ್ ಅಷ್ಟು ವರ್ಷದ ಬಾಕಿ ಮಾತನ್ನೆಲ್ಲ ಆಡಿದ. ಗಂಟಲು ಕಟ್ಟಿದಾಗ ಬಿಯರು ಗುಟುಕರಿಸಿ ಮತ್ತೆ ಆಡಿದ. ರೋಸೀನಾ ಸಾಕೆಂದರೂ ನಿಲ್ಲಿಸಲಿಲ್ಲ. ಸೋಮವಾರ ಅವನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಲಾಂಬರ್ಟ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಊರಿನ ಸುದ್ದಿಯನ್ನೆಲ್ಲ ಹೇಳಿದ. ಸೊನ್ನೆಗಳನ್ನು ಕೆಳಗಿಳಿಸಿದರೆಂದೂ ಹೇಳಿದ. ಈಗ ಮಾತೆಲ್ಲ ಅವನದೇ ಆಗಿತ್ತು. ಕೊನೆಗೆ ಹಿಂಜರಿಯುತ್ತಾ ಕೇಳಿದ.

“ಬೇಕೂಂತಲೇ ಹೊಡೆಸಿಕೊಂಡೆ ಅಂತ ನಿನಗೆ ಗೊತ್ತಿತ್ತೇನೋ?”

ಗಸ್ ಕಂಬಳಿಯೊಳಗಿಂದ ಕೈ ಹೊರತೆಗೆದು ಒಂದು ಬೆರಳೆತ್ತಿದ.