ನೀರು ಕುಡದ ಕುರಿ

ಒಡದು ಬ್ಯಾರೆ ಆದ ನಮ್ಮ ರಾಜ್ಯ ಹೊಸದು, ಮಕ್ತಲ್‌ದಾಗ ಅಂಗಡಿ ಬೋರ್ಡು ಹೊಸಾವು, ಕುರಿ ಹೊಟ್ಟ್ಯಾಗಿನ ಹುಳ ಮಾತ್ರ ಹಳೇವೇ. ಪಶುವೈದ್ಯ ಓದಾಕ ಹೋದ ನಾನು, ಆ ಹುಳದ ಮ್ಯಾಲೇ ಪರೀಕ್ಷೆ ಕಟ್ಟಿಗೊಂಡು ಊರಿಗೆ ಬಂದೆ. ಪರೀಕ್ಷೆ ನನಗಲ್ಲ, ನಮ್ಮಜ್ಜಿ ಮದ್ದಿಗೆ. ಮುತ್ತುಗದ ಬೀಜ ಅರದು ಕುಡಿಸಿದ್ರ ಹುಳ ಸಾಯ್ತಾವಂತ ಧನ್ವಾಡದಿಂದ ಗದ್ವಾಲ ತನಕ ಕುರುಬರೆಲ್ಲ ನಂಬಿದ್ರು. ಸಣ್ಣಾಕಿದ್ದಾಗ ನನಗೂ ಮೂಗು ಹಿಡದು ಕುಡಿಸಿದ್ದಳು ಮುದುಕಿ. ಹುಳ ಸತ್ತವೋ ಇಲ್ಲೋ, ನಾ ಸಾಯೋದು ಸ್ವಲ್ಪದರಾಗ ತಪ್ಪಿತ್ತು.

"ಅರ್ಧ ಕುರಿಗೆ ಮದ್ದು, ಅರ್ಧಕ್ಕ ಬರೇ ನೀರು. ಮದ್ದು ಕುಡದವಷ್ಟೇ ಸುಧಾರಿಸಿದ್ರ ನಿನ್ನ ಮದ್ದು ಖರೇ," ಅಂದೆ.

"ಹಂಗಾದ್ರ ಇಷ್ಟು ವರ್ಷ ನಾ ಏನು ಲದ್ದಿ ಕುಡಿಸೀನೇನ?" ಅಂತ ಅಜ್ಜಿ ಉರದಳು. ಆದ್ರೂ ಹೆಸರಿನ ಪ್ರಶ್ನೆ, ಒಪ್ಪಿದಳು.

ಹಿಂಡು ಸೋದರಮಾವಂದು. ನೀರಿನ ಕುರಿಗೆ ಕೆಂಪು ಬಣ್ಣ ಹಚ್ಚಿ, ಮದ್ದು ಕುಡಿಸೋ ಬಿದಿರಿನ ಗೊಟ್ಟ ಮಾವನ ಕೈಯಾಗ ಕೊಟ್ಟೆ. ಆಮ್ಯಾಲ ನನ್ನ ಕೆಲಸ ಕುರಿ ಹಿಕ್ಕಿ ಆರಿಸಿ, ಅದರಾಗ ಹುಳದ ತತ್ತಿ ಎಣಿಸೋದು. ಬೀಗರು ಕೇಳಿದ್ರ ನಮ್ಮವ್ವ, "ಲ್ಯಾಬಿನ್ಯಾಗ ದೊಡ್ಡ ಕೆಲಸ ಐತಿ ಅಕಿಗೆ," ಅಂತಿದ್ದಳು.

ತತ್ತಿ ಎರಡೂ ಗುಂಪಿನ್ಯಾಗ ಸರೀಸಮ ಇಳಿದಿದ್ದವು. ಅಂದ್ರ ಮದ್ದೂ ನೀರೂ ಒಂದೇ! ಹೇಳಿದೆ. ಅಜ್ಜಿ ಬೈಲಿಲ್ಲ. ಮರುದಿನ ಗದ್ವಾಲ ಕಡಿಂದ ಮದ್ದಿಗೆ ಬಂದವಗ, "ಅಂಗಡ್ಯಾಗ ಗುಳಿಗಿ ತಗೋ ಹೋಗಪ್ಪಾ," ಅಂತ ಬಾಗಲಾ ಹಾಕ್ಕೊಂಡಳು.

ಅದನ್ನ ನೋಡಿ ಮಾವ ಬಾಯಿ ಬಿಟ್ಟ. "ಕೆಂಪು ಕುರಿಗೂ ನಾ ಮದ್ದೇ ಹಾಕೀನಿ. ಬೀರಪ್ಪನ ಹೆಸರು ಹೇಳಿ, ಭಂಡಾರ ಹಚ್ಚಿ ಗೊಟ್ಟ ಎತ್ತಿದ ಮ್ಯಾಲ ಹಿಂಡಿನ್ಯಾಗ ಒಂದು ಕುರಿನೂ ಬಿಡಂಗಿಲ್ಲ. ಅರ್ಧಕ್ಕ ಕೊಟ್ಟು ಅರ್ಧಕ್ಕ ಟೋಪಿ ಹಾಕಾಕ ನಾನೇನು ಇಲೆಕ್ಷನ್ನಿಗೆ ನಿಂತೀನೇನು?"

"ಇಷ್ಟು ದಿನ ಬಾಯಾಗ ಕಡುಬು ತುರುಕ್ಕೊಂಡಿದ್ದೇನು ಮಾವಾ!" ಅಂತ ನಾ ಚೀರಿದೆ.

ಅಜ್ಜಿ ಮುಖ ಅರಳಿತು. "ಹಂಗಾದ್ರ ನನ್ನ ಮದ್ದು ಖರೇ?"

"ಅದೂ ಹೇಳಾಕ ಬರಂಗಿಲ್ಲಜ್ಜಿ. ಹೊಸ ಮೇವಿಗೆ ತಾವೇ ಸುಧಾರಿಸಿರಬಹುದು."

"ನಿನ್ನ ವಿದ್ಯಾಕ್ಕ ಬೆಂಕಿ ಹತ್ತಲಿ! ಮತ್ತ ಮಾಡು. ಈ ಸಲ ಗೊಟ್ಟ ನಾ ಹಿಡೀತೀನಿ."

ಬಾಜೂ ಊರಿನ ಹಿಂಡು ಹುಡಿಕಿದ್ವಿ. ಅಜ್ಜಿ ಭಂಡಾರ ಮುಟ್ಟಲಿಲ್ಲ, ದೇವರ ಹೆಸರೂ ತಗೀಲಿಲ್ಲ. ನೀರಿನ ಕುರಿ ಬಂದಾಗೆಲ್ಲ ಅದರ ಗದ್ದ ಎತ್ತಿ, "ತಪ್ಪಾತವ್ವ, ಕುಡಿ. ನನ್ನ ಮೊಮ್ಮಗಳು ಸಾಲಿ ಕಲತು ಮಳ್ಳಿ ಆಗ್ಯಾಳ," ಅಂತಿದ್ದಳು. ಕಣ್ಣೊರಸಿಕೊಂಡದ್ದು ನನಗ ಕಂಡಿತು.

ಈ ಸಲ ಮದ್ದು ಕುಡದವುಗಳ ತತ್ತಿ ಇಳಿದವು. ಅಂಗಡಿ ಮದ್ದಿನಷ್ಟಲ್ಲ, ಆದ್ರೂ ಇಳಿದದ್ದು ಖರೇ. ನೀರು ಕುಡದವು ಹಂಗೇ, ಗದ್ದದ ಕೆಳಗ ಬಾವು ಬಂದು, ಮೇವು ಬಿಟ್ಟು ನಿಂತಿದ್ದವು. ನಾ ಕುಣಕೋಂತ ಮನಿಗೆ ಓಡಿದೆ. "ಅಜ್ಜೀ, ಗೆದ್ದಿ! ನಿನ್ನ ಮದ್ದು ಖರೇ!"

ಅಕಿ ಆಗಲೇ ಬೀಜ ಅರಿಯಾಕ ಕುಂತಿದ್ದಳು. ತಲಿ ಸುದ್ದಾ ಎತ್ತಲಿಲ್ಲ.

"ಗೆದ್ದದ್ದು ಇರಲಿ. ಆ ನೀರು ಕುಡದಾವಕ್ಕ ಈಗರೆ ಮದ್ದು ಹಾಕಲೇನು, ಹೇಳು."