ಸಂತೆಯನ್ನೇ ಕೊಂಡ ಚಲುವಯ್ಯ

ಚಲುವಯ್ಯ ಅನೀಸನನ್ನು ಮೊದಲು ಕಂಡದ್ದು ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ. ಬೆಳಗಿನ ರೈಲು ಆಗತಾನೇ ಜನರನ್ನು ಇಳಿಸಿ ಹೋಗಿತ್ತು. ಗೋಡೆ ಬದಿಯ ಮೇಜಿನಲ್ಲಿ ಒಂದೇ ಒಂದು ಕುರ್ಚಿ ಖಾಲಿಯಿತ್ತು. ಅದರ ಎದುರಿಗೆ ತೆಳುಗಡ್ಡದ ಯುವಕನೊಬ್ಬ ಕೂತಿದ್ದ. ಚನ್ನಪಟ್ಟಣದ ಗೊಂಬೆ ಕೆಲಸದವನೆಂದು ಅವನ ಉಗುರಿನ ಸಂದಿಯ ಅರಗಿನ ಬಣ್ಣವೇ ಹೇಳುತ್ತಿತ್ತು. ನೀರಿನ ಲೋಟಕ್ಕೆ ಫೋನು ಒರಗಿಸಿಕೊಂಡು ಅದನ್ನೇ ನೋಡುತ್ತಿದ್ದ. ಇಡ್ಲಿಯ ಮೇಲಿನ ಬೆಣ್ಣೆ ಕರಗಿ ತಟ್ಟೆಯಂಚಿಗೆ ಬಂದಿದ್ದರೂ ಅವನಿಗೆ ಗೊತ್ತಿರಲಿಲ್ಲ.

“ಏನಪ್ಪಾ ಅದು, ಇಸ್ಪೀಟಾ?” ಎಂದು ಚಲುವಯ್ಯ ಕೇಳಿದ.

“ಅಲ್ಲ ಯಜಮಾನ್ರೇ, ಕಾಯಿನ್. ಇದ್ರಲ್ಲಿ ಯಾರು ಬೇಕಾದ್ರೂ ಹೊಸ ಕಾಯಿನ್ ಹುಟ್ಟಿಸ್ಬೋದು. ಒಂದು ಹೆಸರು, ಒಂದು ಫೋಟೋ ಇದ್ರೆ ಸಾಕು. ನೋಡಿ, ಇದು ನಾಯಿ ಕಾಯಿನ್, ಇದು ಕಪ್ಪೆ.”

“ಕಪ್ಪೇನ ಯಾರ್ಲಾ ಕೊಳ್ಳೋರು?”

“ಬೆಳಿಗ್ಗೆ ಸಾವಿರಾರು ಜನ ಕೊಳ್ತಾರೆ. ಸಾಯಂಕಾಲಕ್ಕೆ ಸತ್ತೋಗತ್ತೆ.”

“ಅಂಗಾದ್ರೆ ಇದು ಸಂತೆ ಕಣಪ್ಪಾ. ಸುಂಕ ಯಾರು ಎತ್ತೋದು?”

ಅನೀಸ್ ಆಗ ತಲೆಯೆತ್ತಿದ. ಕಪ್ಪೆ ಕೊಂಡರೂ ಮಾರಿದರೂ ಒಂದು ಪಾಲು ಈ ಆಪ್‌ನವರಿಗೇ ಹೋಗುತ್ತದೆ, ಆಪ್‌ಗೂ ಅದರದೇ ಒಂದು ಕಾಯಿನ್ ಇದೆ, ಬಂದ ಪಾಲಿನಿಂದ ಅವರು ಅದನ್ನೇ ಕೊಂಡು ಬೆಲೆ ಏರಿಸುತ್ತಾರೆ ಎಂದು ವಿವರಿಸಿದ.

“ಮತ್ತೆ ನೀನ್ಯಾಕ್ಲಾ ಕಪ್ಪೆ ಹಿಂದೆ ಬಿದ್ದಿದ್ದೀಯ? ಸಂತೇಲಿ ಕೊಂಡ ಕರು ಸತ್ರೆ ಕೊಂಡೋನಿಗೆ ನಷ್ಟ. ಸುಂಕದೋನಿಗೆ ಏನ್ ನಷ್ಟ?”

“ನಮ್ ಗ್ರೂಪಲ್ಲಿ ಡಿಗ್ರಿ ಓದಿದೋರು ಅವ್ರೆ ಯಜಮಾನ್ರೇ. ಒಬ್ರಿಗೂ ಇದು ಹೊಳೀಲಿಲ್ಲ” ಎಂದ ಅನೀಸ್.

ಆ ಹೊಗಳಿಕೆ ಚಲುವಯ್ಯನ ತಲೆಗೇರಿತು. ಕನಕಪುರ ಕಡೆಯ ದನದ ಸಂತೆಗಳಲ್ಲಿ ಅವನು ದಲ್ಲಾಳಿ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಟವೆಲಿನಡಿ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುವುದು ಅವನ ಕಸುಬು. ಒಮ್ಮೆ ಕೈ ಒತ್ತಿದ ಮೇಲೆ ಮಾತು ಬದಲಾಗುವಂತಿಲ್ಲ. ಸಂತೆಯ ಸುಂಕದ ಹರಾಜು ಹಿಡಿಯಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು, ಠೇವಣಿ ಕಟ್ಟುವ ಶಕ್ತಿ ಇರಲಿಲ್ಲ. ಈಗ ಸಂತೆಯೇ ಫೋನಿನಲ್ಲಿ ಬಂದಿತ್ತು. ಅನೀಸನ ಕೈಯಲ್ಲಿ ಆಪ್‌ನ ಕಾಯಿನ್ ಕೊಡಿಸಿಕೊಂಡ. ಬೆಲೆ ಏರಿತು. “ನಾನು ದನ ಕೊಂಡಿಲ್ಲ ಕಣ್ರಲಾ, ಸಂತೆ ಕೊಂಡಿದ್ದೀನಿ” ಎಂದು ಸಂತೆಯ ಹುಣಸೆಮರದ ಕೆಳಗೆ ಹೇಳಿಕೊಂಡು ತಿರುಗಿದ.

ಅದನ್ನು ಕೇಳಿಸಿಕೊಂಡವನು ವಿರೂಪಾಕ್ಷಿಪುರದ ಕೆಂಚಯ್ಯ. ಇಬ್ಬರದೂ ಹಳೆಯ ಗೆಳೆತನ. ಕೆಂಚಯ್ಯನ ಎರಡು ಮಂಡಿಯೂ ಸವೆದು, ಬಯಲಿಗೆ ಹೋಗಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಗಿತ್ತು. ಆಪರೇಷನ್ನಿಗೆಂದು ಉಳುವ ಜೋಡೆತ್ತನ್ನೇ ಮಾರಿದ್ದ. ಆ ದುಡ್ಡನ್ನೂ ಕಾಯಿನ್‌ಗೆ ಹಾಕಲೆಂದು ತಂದು ಚಲುವಯ್ಯನ ಮುಂದಿಟ್ಟ.

“ನಂಗೆ ಆ ಫೋನು ಗೀನು ತಿಳಿಯಾಕಿಲ್ಲ. ನೀನು ಕೈ ಒತ್ತಿ ಹೇಳ್ಬುಡು, ಸಾಕು.”

ಚಲುವಯ್ಯ ಟವೆಲು ಹಾಕಿ, ಅದರಡಿ ಗೆಳೆಯನ ಕೈ ಹಿಡಿದು ಒತ್ತಿದ. “ನಿನ್ನ ಅಸಲು ದುಡ್ಡಿಗೆ ನಾನಿದ್ದೀನಿ ಕಣ್ಲಾ” ಎಂದ.

ಮಾವು ಮುಗಿಯುವ ಹೊತ್ತಿಗೆ ಇನ್ನೊಂದು ಆಪ್ ಬಂತು. ಅಲ್ಲಿ ಸುಂಕ ಕಮ್ಮಿ. ಮೇಲಾಗಿ, ಕಾಯಿನ್ ಹುಟ್ಟಿಸಿದವನಿಗೂ ಪಾಲು. ಜನ ಆ ಕಡೆ ಹೊರಳಿದರು. ಚಲುವಯ್ಯ ದಿನಾ ಬೆಳಿಗ್ಗೆ ಅನೀಸನಿಗೆ ಫೋನು ಮಾಡುತ್ತಿದ್ದ.

“ಇವತ್ತು ಸುಂಕ ಹೆಂಗೈತೆ?”

“ಇನ್ನೂ ಕಮ್ಮಿ ಆಯ್ತು ಯಜಮಾನ್ರೇ. ಬಂದಷ್ಟಕ್ಕೆ ಮಾರ್ಬಿಡೋಣ.”

“ಸುಂಕದೋರು ಸುಮ್ಕೆ ಕೂತಾರಾ? ಒಸಿ ತಡಿ.”

ಆಪ್‌ನವರು ಸುಮ್ಮನೆ ಕೂರಲಿಲ್ಲ. ಬಹುಮಾನ ಸಾರಿದರು, ಸುಂಕ ಇಳಿಸಿದರು. ಬೆಲೆ ಒಂದು ವಾರ ಚಿಗುರಿ ಮತ್ತೆ ಬಾಡಿತು. ಚಲುವಯ್ಯನಿಗೆ ಸಂತೆಯ ಹಳೆಯ ಉಪಾಯವೊಂದು ನೆನಪಾಯಿತು. ಬಡವಾಗುತ್ತಿರುವ ಸಂತೆಯಲ್ಲಿ ದಲ್ಲಾಳಿಗಳು ತಮ್ಮದೇ ನೆಂಟರ ದನ ತಂದು ಕಟ್ಟುತ್ತಾರೆ. ದೂರದಿಂದ ನೋಡಿದವರಿಗೆ ಸಂತೆ ತುಂಬಿದಂತೆ ಕಾಣಬೇಕು. ಅವನು ಚನ್ನಪಟ್ಟಣಕ್ಕೇ ಹೋಗಿ ಅನೀಸನ ಮುಂದೆ ಕೂತ.

“ನಾವೂ ಒಂದು ದನ ಕಟ್ಟಾನ ಕಣಪ್ಪಾ. ಹಳೇ ಸಂತೇಲೆ.”

ಕೆಂಚಯ್ಯ ಮಾರಿದ ಜೋಡಿಯಲ್ಲಿ ಒಂದೆತ್ತಿನ ಫೋಟೋ ಚಲುವಯ್ಯನ ಫೋನಿನಲ್ಲಿತ್ತು. ಆ ಎತ್ತಿನ ಹೆಸರಲ್ಲೇ ‘ಕೆಂದ’ ಎಂಬ ಕಾಯಿನ್ ಹುಟ್ಟಿತು. ಅನೀಸ್ ಒಂದಿಷ್ಟು ಕೊಂಡ, ಅವನ ಗೆಳೆಯರು ತಮಾಷೆಗೆ ಕೊಂಡರು. ಯಾವುದೋ ದೇಶದವನೊಬ್ಬ ಕೊಂಡು, ಚಹಾ ತಣ್ಣಗಾಗುವುದರೊಳಗೆ ಮಾರಿಬಿಟ್ಟ.

“ಎತ್ತಿನ ಹಲ್ಲಾದ್ರೂ ಎಣಿಸಿದ್ನಾ ಅವ್ನು?” ಎಂದು ಚಲುವಯ್ಯ ನಗಲು ಹೋದ. ನಗು ಬರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅವನಿಗೆ ಒಂದೊಂದೇ ತಿಳಿಯತೊಡಗಿತು. ಅಪ್ಪನ ಕಾಲದ ಸಂತೆಯೊಂದು ಹೀಗೇ ಸತ್ತಿತ್ತು. ಪಕ್ಕದ ಊರಿನವರು ನೀರಿನ ತೊಟ್ಟಿ ಕಟ್ಟಿಸಿ, ಸುಂಕವಿಲ್ಲ ಎಂದು ಡಂಗುರ ಸಾರಿಸಿದ್ದರು. ಆದರೂ ಅಲ್ಲಿಗೆ ದನ ಹೊಡೆದುಕೊಂಡು ಹೋಗಬೇಕಿತ್ತು, ಅಲ್ಲಿನ ಮುಖ ಪರಿಚಯವಾಗಬೇಕಿತ್ತು. ಒದೆಯುವ ಹಸು ಮಾರಿದವನು ಮುಂದಿನ ವಾರ ಕೊಂಡವನ ಕಣ್ಣಿಗೆ ಬೀಳಲೇಬೇಕಿತ್ತು. ಫೋನಿನ ಸಂತೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಬೆರಳಾಡಿಸಿ ಇನ್ನೊಂದು ಆಪ್‌ಗೆ ಹೋದರೆ ಸಂತೆ ಖಾಲಿ. ಸುಂಕಕ್ಕೆ ಸಾವಿಲ್ಲ ಎಂದು ನಂಬಿದವನು, ಸಂತೆಗೆ ಸಾವುಂಟು ಎನ್ನುವುದನ್ನು ಮರೆತಿದ್ದ. ಅದೂ ಸಂತೆಯಲ್ಲೇ ಹುಟ್ಟಿ ಬೆಳೆದವನು.

ಕೆಂಚಯ್ಯ ಮಗನ ಸ್ಕೂಟರಿನ ಹಿಂದೆ ಕೂತು ಬಂದ. ಇಳಿಯಲಾಗದೆ ಕೂತಲ್ಲೇ ಹೇಳಿದ: “ಆಸ್ಪತ್ರೇಲಿ ತಾರೀಖು ಕೊಟ್ಟವ್ರೆ ಕಣ್ಲಾ ಚಲುವ.”

“ಮುಂದಿನ್ವಾರ ತಂದ್ಕೊಡ್ತೀನಿ.”

ಸ್ಕೂಟರು ಹೋದ ಮೇಲೆ ಚಲುವಯ್ಯ ಜಗಲಿಯ ಮೇಲೆ ಕುಸಿದು ಕೂತ. “ಆ ಆಪು ಮೋಸ ಮಾಡ್ಬುಡ್ತು” ಎಂದ.

ಅವನ ಹೆಂಡತಿ ಶಿವಲಿಂಗಮ್ಮ ಒಳಗಿನಿಂದಲೇ ಕೇಳಿದಳು: “ಒತ್ತಿದ್ದು ಆಪಿನ ಕೈನಾ, ಕೆಂಚಣ್ಣನ ಕೈನಾ?”

ಮಂಗಳವಾರ ಅವಳೇ ಕೊಟ್ಟಿಗೆಗೆ ಹೋಗಿ ಎರಡು ಹಸುಗಳನ್ನೂ ಬಿಚ್ಚಿದಳು. ಒಂದು ತುಂಬು ಗಬ್ಬದ್ದು. ಸಂತೆಯಲ್ಲಿ ಚಲುವಯ್ಯ ಮೊದಲ ಸಲ ಮಾರುವವನಾಗಿ ನಿಂತ, ಟವೆಲು ಬೇರೆಯವನದು. ಅವನ ಗರಜು ಅಷ್ಟೂ ಜನಕ್ಕೆ ಗೊತ್ತಿತ್ತು. ಟವೆಲಿನಡಿ ಒತ್ತಿದ ಬೆರಳುಗಳು ಕಡಿಮೆ. ಒಪ್ಪಿಕೊಂಡ.

ಬಂದದ್ದರ ಜೊತೆಗೆ ಸತ್ತ ಕಾಯಿನ್ ಮಾರಿ ಬಂದ ಚಿಲ್ಲರೆಯನ್ನೂ ಸೇರಿಸಿ ವಿರೂಪಾಕ್ಷಿಪುರಕ್ಕೆ ಒಯ್ದ. ಕೆಂಚಯ್ಯ ಅದನ್ನು ಕೈಯಲ್ಲಿ ತೂಗಿ ನೋಡಿದ.

“ಇಷ್ಟೇನಾ?”

ಚಲುವಯ್ಯ ಖಾಲಿ ಜೇಬನ್ನು ಹೊರಗೆಳೆದು ತೋರಿಸಿದ.

“ಒಂದು ಮಂಡಿಗೆ ಆಯ್ತದೆ” ಎಂದ ಕೆಂಚಯ್ಯ. “ಯಾವುದು ಮಾಡ್ಸಾನ, ಎಡದ್ದಾ ಬಲದ್ದಾ? ನೀನೇ ಹೇಳು. ದಲ್ಲಾಳಿ ಅಲ್ವಾ?”

ಬೈದಿದ್ದರೆ ಚೆನ್ನಾಗಿತ್ತು. ಚಲುವಯ್ಯ ಬಾಗಿಲ ಪಟ್ಟಿ ಹಿಡಿದು ನಿಂತೇ ಇದ್ದ; ಕೂರು ಎಂದು ಯಾರೂ ಹೇಳಲಿಲ್ಲ.

ಅವನು ಕೈ ಒತ್ತಿ ಮಾತು ತಪ್ಪಿದ ಸುದ್ದಿ ಅವನಿಗಿಂತ ಮೊದಲೇ ಸಂತೆ ಸೇರಿತ್ತು. ಮುಂದಿನ ಮಂಗಳವಾರ ಅವನು ಇಬ್ಬರ ನಡುವೆ ಹೋಗಿ ನಿಂತರೆ, ಮಾರುವವನು ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. “ಇರ್ಲಿ ಬುಡಣ್ಣ, ನಾವೇ ಮಾತಾಡ್ಕತೀವಿ” ಎಂದ. ಅದರ ಮುಂದಿನ ವಾರವೂ ಹಾಗೇ ಆಯಿತು. ಕೆಂಚಯ್ಯನ ಬಲಗಾಲು ಸರಿಹೋಯಿತು, ಎಡಗಾಲು ಎಳೆಯುತ್ತಲೇ ಇದೆ.

ಈಗ ಚಲುವಯ್ಯ ಕನಕಪುರದಲ್ಲಿ ಹಾಲಿನ ಲಾರಿಗೆ ಕ್ಯಾನು ಹತ್ತಿಸುವ ಕೂಲಿ ಮಾಡುತ್ತಾನೆ. ಸಂಬಳ ಬಂದ ದಿನ ಅದರಲ್ಲೊಂದು ಪಾಲು ಹಿಡಿದು ವಿರೂಪಾಕ್ಷಿಪುರಕ್ಕೆ ಹೋಗಿ ಬರುತ್ತಾನೆ.