ಸಾಬೂನು ಮೆತ್ತಿದ ತೂತು

ಮೊನ್ನೆ ಬೆಳಿಗ್ಗೆ ಕಾಶಿಯ ಸೋನಾರ್‌ಪುರದಲ್ಲಿ ಜಿಲೇಬಿ ಕೊಳ್ಳಲು ನಿಂತಿದ್ದೆ. ಕರೆಂಟು ಹೋಗಿತ್ತು. ಅಂಗಡಿಯ ಜನರೇಟರ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮಾಲೀಕ ಕೂತಲ್ಲಿಂದಲೇ ಕೆಲಸದವನ ಮೇಲೆ ಹರಿಹಾಯ್ದ: "ತೇಲ್ ಮೇ ಮಿಲಾವಟ್ ಕಿಯಾ ಹೈ ತೂನೇ!" ಎಣ್ಣೆಗೆ ಕಲಬೆರಕೆ ಮಾಡಿದ್ದೀಯ ಎಂದು. ಆ ಮನುಷ್ಯ ತಲೆ ತಗ್ಗಿಸಿ ಪೈಪು ಬಿಚ್ಚತೊಡಗಿದ. ನಾನು ಜಿಲೇಬಿ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದೆ.

ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಅದೇ ಮಾತನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಗಂಗೆಯ ದಡದಲ್ಲಿ, ನಾನೂ ಕಿರುಚಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಶಿವಾಲದಲ್ಲಿರುವ ಕನ್ನಡದ ಪುರೋಹಿತರ ಮನೆ. ಊರ ಕಡೆಯಿಂದ ಬಂದವರಿಗೆ ಅಪ್ಪ ಶ್ರಾದ್ಧ ಮಾಡಿಸುವುದು, ನಾನು ಅವರನ್ನು ದೋಣಿಯಲ್ಲಿ ಐದು ಘಾಟುಗಳ ಪಂಚತೀರ್ಥ ಸುತ್ತಿಸುವುದು. ದೋಣಿ ಬುಧರಾಮ್ ಕಾಕಾ ಅವರದು. ಹುಟ್ಟು ಹಾಕಿ ಹಾಕಿ ಭುಜ ಸೋತಮೇಲೆ ಅವರು ಅದಕ್ಕೊಂದು ಹಳೆಯ ಡೀಸೆಲ್ ಎಂಜಿನ್ ಕೂರಿಸಿದ್ದರು. ಯಾತ್ರಿಕರ ಬಾಯಿಂದ ಹೆಕ್ಕಿಕೊಂಡ ಕನ್ನಡವೂ ಅವರಲ್ಲಿತ್ತು. "ಅಮ್ಮ, ಕಾಲು ಜೋಪಾನ, ಪಾಚಿ ಉಂಟು" ಎಂದು ಕೈ ಕೊಟ್ಟು ಹತ್ತಿಸಿಕೊಳ್ಳುತ್ತಿದ್ದರೆ ದಾವಣಗೆರೆಯ ಅಜ್ಜಿಯರು ಕಣ್ಣರಳಿಸುತ್ತಿದ್ದರು.

ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ, ಅದೂ ಭೌತಶಾಸ್ತ್ರ. ಮನೆಯ ಫ್ಯೂಸ್ ಕಟ್ಟಲು ಬರುತ್ತಿದ್ದುದರಿಂದ ನನ್ನನ್ನು ನಾನೇ ಅರ್ಧ ಎಂಜಿನಿಯರ್ ಎಂದೇ ತಿಳಿದಿದ್ದೆ. ಪಿತೃಪಕ್ಷದಲ್ಲಿ ಒಂದು ದಿನ ದೋಣಿ ತುಯ್ದಾಡಿ, ಟ್ಯಾಂಕಿನ ಮುಚ್ಚಳದಲ್ಲಿದ್ದ ಸಣ್ಣ ತೂತಿನಿಂದ ಡೀಸೆಲ್ ಸಿಡಿದು ಯಾತ್ರಿಕರೊಬ್ಬರ ರೇಷ್ಮೆ ಸೀರೆಗೆ ಬಿತ್ತು. ಅಪ್ಪ ನನ್ನನ್ನು ಗದರಿದರು. ಸಂಜೆ ಮೈಸಾಬೂನಿನ ಚೂರು ನೆನೆಸಿ, ನಾದಿ, ಆ ತೂತಿಗೆ ಮುಚ್ಚಳದ ಒಳಗಿನಿಂದ ಮೆತ್ತಿದೆ. ಕಾಕಾಗೆ ಹೇಳಲಿಲ್ಲ, ನಾಳೆ ಯಾರ ಸೀರೆಗೂ ಕಲೆಯಾಗದೆ ಇದ್ದಾಗ ನನ್ನ ಜಾಣತನ ತೋರಿಸಿ ಬೀಗಬೇಕೆಂದಿದ್ದೆ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ಬೇಕು ಎಂಬುದು ಶಾಲೆಯ ಮೆಟ್ಟಿಲು ಹತ್ತದ ನನ್ನ ಅಮ್ಮನಿಗೆ ಗೊತ್ತಿತ್ತು. ನನಗೆ ಹೊಳೆಯಲಿಲ್ಲ.

ಮರುದಿನ ದಶಾಶ್ವಮೇಧ ದಾಟುತ್ತಲೇ ಎಂಜಿನ್ ಉಸಿರು ಕಟ್ಟಿದಂತೆ ನಿಂತಿತು. ಕಾಕಾ ಫಿಲ್ಟರ್ ಬಿಚ್ಚಿ ತೊಳೆದರು. ಪಂಪಿನ ನಟ್ಟು ಸಡಿಲಿಸಿ ಗಾಳಿ ತೆಗೆದರು. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಹೊರಟಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಪೈಪಿಗೆ ಬಾಯಿಟ್ಟು ಊದಿದರು. ಹೊರಟಿತು, ನಿಂತಿತು. ಮೂರನೆಯ ಸಲ ನಿಂತಾಗ ರಾಜಘಾಟ್ ಸೇತುವೆಯ ಕಂಬ ಎದುರಿಗಿತ್ತು. ಮಳೆಗಾಲದ ನೀರು ಇನ್ನೂ ಇಳಿದಿರಲಿಲ್ಲ. ಕಾಕಾ ಹುಟ್ಟಿನ ಮೇಲೆ ಮೈಯೆಲ್ಲ ಹಾಕಿ ಎಳೆದರು. ದೋಣಿ ಕಂಬವನ್ನು ಒಂದು ಮಾರು ದೂರದಲ್ಲಿ ದಾಟಿ ದಡಕ್ಕೆ ತಾಗಿತು. ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ಅಳುತ್ತಿದ್ದರು.

ನನಗೆ ಭಯ. ಭಯ ಸಿಟ್ಟಾಯಿತು. ಅದುವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದ ಮನುಷ್ಯನನ್ನು ಎಲ್ಲರಿಗೂ ಕೇಳಿಸಲೆಂದು ಕನ್ನಡದಲ್ಲೇ ಬೈದೆ: "ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ದೀಯ! ಇವರ ಜೀವ ಹೋಗಿದ್ರೆ?"

ಕಾಕಾ ಏದುಸಿರು ಬಿಡುತ್ತಿದ್ದರು. "ನೀವೇ ಮೂಸಿ ನೋಡಿ, ಬಬುವಾ" ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಅವರು ಮುಚ್ಚಳವನ್ನು ಮಗುಚಿದರು. ಸಾಬೂನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಉಗುರಿನಿಂದ ಕೆರೆದು ನೀರಿಗೆ ಎಸೆದು, ಅಜ್ಜಿಯ ಕಡೆ ತಿರುಗಿ, "ಕಸ ಇತ್ತು, ಅಮ್ಮ. ಹೋಯ್ತು" ಎಂದರು. ಅಲ್ಲಿಂದ ಮುಂದೆ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.

ಕೇದಾರಘಾಟಿನಲ್ಲಿ ಇಳಿದಮೇಲೆ ಯಾತ್ರಿಕರು ನಡೆದದ್ದನ್ನೆಲ್ಲ ಮೆಟ್ಟಿಲ ಮೇಲೆ ಕಾಯುತ್ತಿದ್ದ ಅಪ್ಪನಿಗೆ ಹೇಳಿದರು. ಅಪ್ಪ ನನ್ನನ್ನು ಕೇಳಿದರು: "ಕಲಬೆರಕೆ ಮಾಡಿದ್ದು ನಿಜವೇನೋ?" ಕಾಕಾ ನಾಲ್ಕು ಮೆಟ್ಟಿಲು ಕೆಳಗೆ ಹಗ್ಗ ಕಟ್ಟುತ್ತಿದ್ದರು. ನಾನು ಹೂಂ ಎಂದೆ.

ಮರುದಿನದಿಂದ ನಮ್ಮ ಮನೆಯವರು ಅವರನ್ನು ಕರೆಯಲಿಲ್ಲ. ಅಪ್ಪನ ಮಾತು ಕೇಳಿ ಉಳಿದ ಕನ್ನಡದ ಮನೆಗಳವರೂ ಬಿಟ್ಟರು. ವರ್ಷ ತುಂಬುವುದರೊಳಗೆ ಕಾಕಾ ದೋಣಿ ಮಾರಿ ರಾಮನಗರದಲ್ಲಿ ಮಗಳ ಮನೆ ಸೇರಿದರು. ಗಂಗೆಯ ಆಚೆ ದಡ, ಅಷ್ಟೇ. ನಾನು ಒಮ್ಮೆಯೂ ಹೋಗಲಿಲ್ಲ. ಆ ಕಡೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ.

ಮೊನ್ನೆ, ಜಿಲೇಬಿ ಅಂಗಡಿಯಿಂದ ಬಂದ ದಿನವೇ, ಹೋದೆ. ಕಾಕಾ ಹೊಸ್ತಿಲ ಬಳಿ ಕೂತು ಬಲೆ ಹೆಣೆಯುತ್ತಿದ್ದರು. ಗುರುತು ಹಿಡಿದರು. "ಕಾಕಾ, ಆ ತೂತು ಮುಚ್ಚಿದ್ದು ನಾನು" ಎಂದೆ. ಅವರು ಕಿವಿಗೆ ಕೈ ಹಿಡಿದು "ಕಾ?" ಎಂದರು, ಏನು ಎಂದು. ಕಿವಿ ಕೇಳುತ್ತಿರಲಿಲ್ಲ. ಗಟ್ಟಿಯಾಗಿ ಹೇಳಿದೆ. ಮತ್ತೆ "ಕಾ?" ಮೂರನೆಯ ಸಲ ಹಿಂದಿಯಲ್ಲಿ ಕೂಗಿಯೇಬಿಟ್ಟೆ, ಬೋರಿನ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ತಿರುಗಿದರು, ಮಗಳು ಒಳಗಿಂದ ಹೊರಗೆ ಬಂದಳು.

"ಅದು ನನಗೆ ಆಗ್ಲೇ ಗೊತ್ತಲ್ಲ, ಬಬುವಾ" ಎಂದರು ಕಾಕಾ, ತಮ್ಮ ಯಾತ್ರಿಕರ ಕನ್ನಡದಲ್ಲಿ. "ಅಪ್ಪಾಜಿಗೆ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಇದಾರಾ?"

ಇದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ.

"ಹಾಗಾದ್ರೆ ಅಲ್ಲಿ ಹೇಳಿ." ಮತ್ತೆ ಬಲೆಗೆ ಬಗ್ಗಿದರು. ಕೂತುಕೊಳ್ಳಿ ಎನ್ನಲಿಲ್ಲ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಎಂಬತ್ತು ದಾಟಿದ ಮನುಷ್ಯ ಕೈಯಲ್ಲಿದ್ದ ಎಲೆಅಡಿಕೆಯನ್ನು ತಟ್ಟೆಗೆ ಹಿಂದಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. "ಕೆಳಗೆ ಅಲ್ಲೇ ಇದ್ದ ಕಣೋ ಅವನು" ಎಂದರು. "ನಿನ್ನನ್ನ ಕೇಳಿದೆ. ಅವನನ್ನ ಒಂದು ಮಾತು ಕೇಳಲಿಲ್ಲ."

ಇವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಶಾಲು ಹೊದ್ದು ಸಿದ್ಧವಾಗಿದ್ದರು. ರಾಮನಗರಕ್ಕೆ ಆಟೋ ತರುತ್ತೇನೆ ಎಂದೆ.

"ಆಮೇಲೆ. ನನ್ನ ಮಾತು ಕೇಳಿ ಅವನ ದೋಣಿ ಬಿಟ್ಟವರ ಮನೆ ಇನ್ನೂ ನಾಲ್ಕು ಇದ್ದಾವೆ ಇಲ್ಲಿ. ಮೊದಲು ಅಲ್ಲಿಗೆ. ಹೇಳೋನು ನೀನು, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮೊದಲನೆಯ ಮನೆಯ ಬಾಗಿಲು ಹಾಕಿತ್ತು. ಒಳಗೆ ಯಾರೋ ಮಂತ್ರ ಹೇಳುತ್ತಿದ್ದರು. ಅದು ಮುಗಿಯಲಿ ಎಂದು ಕಾಯಬೇಕೆನಿಸಿತು. ಕಾಯದೆ ಚಿಲಕ ಬಡಿದೆ.